ಕಂಸಾಳೆಯ ಲೆಕ್ಕ, ಕರಿಹಲಗೆಯ ಲೆಕ್ಕ

ಪಾಲಾರ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ನಾಡಿನ ಬಹುಮಂದಿ ವಾಚಕರಿಗೆ ನೆನಪಾಗುವುದು ೧೯೯೩ನೆಯ ಇಸವಿಯ ಏಪ್ರಿಲ್ ೯ನೆಯ ದಿನ. ಅಂದು ಕಾಡುಗಳ್ಳ ವೀರಪ್ಪನ್ನನ ತಂಡದವರು ಹುಗಿದಿಟ್ಟಿದ್ದ ನೆಲಬಾಂಬುಗಳು ಸಿಡಿದು ೨೨ ಮಂದಿ ಪ್ರಾಣವನ್ನು ನೀಗಿದರು. ಆ ಕಾಡುಗಳ್ಳನು ೨೦೦೪ರಲ್ಲಿ ಹತನಾದನು. ೨೦೧೩ರಲ್ಲಿ ಆ ಸೀಮೆಯ ಅರಣ್ಯವು ಮಲೆಮಹದೇಶ್ವರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಂದು ಹಸುಗೂಸುಗಳಾಗಿದ್ದವರು ಇಂದು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳಾಗಿದ್ದಾರೆ. ಆದರೂ ವೃತ್ತಪತ್ರಿಕೆಗಳಲ್ಲಿ ಪಾಲಾರಿನ ಹೆಸರು ಅಚ್ಚಾಗುವುದು ಇಂದಿಗೂ ಆ ಸ್ಫೋಟದ ಪ್ರಸಂಗದಲ್ಲಿಯೇ. ಒಂದು ಊರನ್ನು ಅದರ ದುರ್ದಿನದಿಂದಲೇ ಗುರುತಿಸುತ್ತಿರುವುದು ಅಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಮಾಡುವ ಅನ್ಯಾಯವಷ್ಟೆ. ಇಂದು ನಾವು ಆ ಮಕ್ಕಳ ಪಾಠದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬಯಸುತ್ತೇವೆ.

ಪಾಲಾರ್ ನಮ್ಮ ರಾಜ್ಯದ ಅಂಚಿನಲ್ಲಿರುವ ಊರು. ಮಹದೇಶ್ವರನ ಬೆಟ್ಟದಿಂದ ಮೆಟ್ಟೂರಿಗೆ ಇಳಿಯುವ ಹಾದಿಯಲ್ಲಿ, ಕಾವೇರಿಯನ್ನು ಕೂಡಿಕೊಳ್ಳಲು ಹರಿಯುವ ಪಾಲಾರ್ ಹೊಳೆಯ ಬದಿಯಲ್ಲಿ, ಕನ್ನಡದೊಡನೆ ತಮಿಳೂ ಕಿವಿಗೆ ಬೀಳುವ ಗಡಿಯಲ್ಲಿ ಅದಿರುತ್ತದೆ. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಹನೂರಿಗೆ ಸೇರಿದ ಈ ಪ್ರದೇಶವು ಹಿಂದೆ ಕೊಳ್ಳೇಗಾಲದ ಭಾಗವಾಗಿತ್ತು. ಕೊಳ್ಳೇಗಾಲವಾದರೋ ೧೯೫೬ರ ಏಕೀಕರಣದವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದಿತು. ಒಂದೇ ಹಾಡನ್ನು ಹಾಡುತ್ತಿದ್ದ ಜನರು ಎರಡು ಸರ್ಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು. ಆ ಎರಡು ಸರ್ಕಾರಗಳ ಗಡಿಯನ್ನು ಲೆಕ್ಕಿಸದೆ ಈ ಸೀಮೆಯನ್ನು ಒಂದಾಗಿ ಹಿಡಿದಿದ್ದುದು ಮಾದೇಶ್ವರನ ಕಂಸಾಳೆಯ ನಾದ, ಮಂಟೇಸ್ವಾಮಿಯ ನೀಲಗಾರರ ತಂಬೂರಿ, ಚಿಕ್ಕಲ್ಲೂರಿನ ಜಾತ್ರೆ, ಸೋಲಿಗರ ಗೊರುಕಾನ ಹಾಡು. ಕಲೆಯಲ್ಲಿ ಇಷ್ಟು ಸಂಪನ್ನವಾದ ಮತ್ತೊಂದು ಸೀಮೆಯನ್ನು ಕರ್ಣಾಟಕದಲ್ಲಿ ತೋರಿಸುವುದು ಸುಲಭವಲ್ಲ.

ಈಗ ಪ್ರಕೃತಕ್ಕೆ ಬರೋಣ. ಗಣಿತ ಮತ್ತು ವಿಜ್ಞಾನಗಳ ಬೋಧನೆಯಲ್ಲಿ ಸಂಗೀತ, ನೃತ್ಯ, ಚಿತ್ರ, ಕೈಕಸಬುಗಳನ್ನು ಬೆರೆಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ವಿದ್ಯಾವಂತರ ಬಾಯಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಕೇಂದ್ರ ಸರ್ಕಾರವು ೨೦೨೦ರಲ್ಲಿ ಹೊರಡಿಸಿದ ಶಿಕ್ಷಣ ನೀತಿಯಲ್ಲಿ ಈ ತತ್ತ್ವಕ್ಕೆ ಸ್ಥಾನವಿದೆ. ಅಮೆರಿಕೆಯಲ್ಲಿ ವಿಜ್ಞಾನ, ತಂತ್ರ, ಯಂತ್ರವಿದ್ಯೆ, ಗಣಿತ ಎಂಬ ನಾಲ್ಕರ ಗುಂಪಿಗೆ ಕಲೆಯನ್ನು ಐದನೆಯದಾಗಿ ಸೇರಿಸಿ ‘ಸ್ಟೀಮ್’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರನ್ನು ನಮ್ಮ ಪಟ್ಟಣಗಳ ಖಾಸಗಿ ಶಾಲೆಗಳವರು ಫಲಕಗಳ ಮೇಲೆ ಬರೆಯಿಸಿಕೊಳ್ಳುತ್ತಲೂ ಇದ್ದಾರೆ. ಒಳ್ಳೆಯ ವಿಚಾರವು ಯಾವ ದಿಕ್ಕಿನಿಂದ ಬಂದರೂ ಅದನ್ನು ಸ್ವಾಗತಿಸುವವರಲ್ಲಿ ನಾವೂ ಸೇರಿದ್ದೇವೆ. ಆದರೆ ಹಿತ್ತಲಲ್ಲಿ ಬೆಳೆದ ಗಿಡವನ್ನು ಪರದೇಶದ ಮದ್ದೆಂದು ದುಡ್ಡು ಕೊಟ್ಟು ಕೊಳ್ಳುವ ಸ್ಥಿತಿ ನಮಗೆ ಒದಗಬಾರದು. ಈ ಮದ್ದು ಅತ್ಯಂತ ಅವಶ್ಯಕವಾಗಿರುವುದು ಪಟ್ಟಣದ ಆ ಶಾಲೆಗಳಿಗಲ್ಲ, ಮಲೆಯಂಚಿನ ಸರ್ಕಾರಿ ಶಾಲೆಗಳಿಗೆ.

ಏಕೆಂದರೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಳ್ಳಿಯ ಹುಡುಗನನ್ನು ಹಿಂದಕ್ಕೆ ತಳ್ಳುವ ವಿಷಯಗಳಲ್ಲಿ ಗಣಿತ ಮತ್ತು ವಿಜ್ಞಾನಗಳು ಮುಂದಾಗಿರುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಅಲ್ಲಿ ಎಡವಿದ ಹುಡುಗನು ಕೂಲಿಯನ್ನು ಹುಡುಕಿಕೊಂಡು ಕಲ್ಲುಗಣಿಗೋ ತೋಟಕ್ಕೋ ದೂರದ ಪಟ್ಟಣಕ್ಕೋ ಹೊರಡುತ್ತಾನೆ. ಹುಡುಗಿಗೆ ಮದುವೆಯ ಮಾತುಕತೆ ನಡೆಯುತ್ತದೆ. ‘ನಮ್ಮ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂಬ ಮಾತನ್ನು ತಂದೆತಾಯಿಗಳೂ ನಂಬುತ್ತಾರೆ, ಮಕ್ಕಳೂ ನಂಬುತ್ತಾರೆ. ಎಲ್ಲಕ್ಕಿಂತ ಶೋಚನೀಯವಾದ ಸಂಗತಿಯೆಂದರೆ, ಕೆಲವು ವೇಳೆ ಉಪಾಧ್ಯಾಯರೂ ನಂಬುತ್ತಾರೆ. ಈ ನಂಬಿಕೆಯು ಶುದ್ಧ ಸುಳ್ಳೆಂದು ನಾವು ಹೇಳುತ್ತೇವೆ. ಆ ಮಕ್ಕಳ ಮನೆಯಲ್ಲಿ ಲೆಕ್ಕವಿದೆ. ಶಾಲೆಯು ಅದನ್ನು ಲೆಕ್ಕವೆಂದು ಕರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಂಸಾಳೆಯನ್ನೇ ತೆಗೆದುಕೊಳ್ಳೋಣ. ದೇವರ ಗುಡ್ಡನ ಎಡಗೈಯಲ್ಲಿ ಬಟ್ಟಲಿನಂತೆ ಕುಳಿಬಿದ್ದ ಒಂದು ಕಂಚಿನ ತಾಳವಿರುತ್ತದೆ. ಬಲಗೈಯಲ್ಲಿ ದಾರಕ್ಕೆ ಕಟ್ಟಿದ, ಕುಚ್ಚಿನಿಂದ ಅಲಂಕೃತವಾದ, ಚಪ್ಪಟೆಯ ಮತ್ತೊಂದು. ಬೀಸು ಕಂಸಾಳೆಯಲ್ಲಿ ಕಲಾವಿದರು ಸುತ್ತುಗಟ್ಟಿ ಕುಣಿಯುತ್ತ ದಾರದ ತುದಿಯ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ಬಟ್ಟಲಿಗೆ ಬೀಸಿ ಹೊಡೆಯುತ್ತಾರೆ. ಒಂದು ಪೆಟ್ಟು ತಪ್ಪಿದರೆ ಕಂಚು ಮೈಗೆ ತಾಗುವುದು. ಇಷ್ಟು ನಿಷ್ಕೃಷ್ಟವಾದ ಎಣಿಕೆಯನ್ನು ಮಾಡುವವನಿಗೆ ಲೆಕ್ಕ ಬಾರದೆಂದು ಹೇಳುವುದು ಹೇಗೆ?

ಇದನ್ನು ಪಾಠಕ್ಕೆ ತರುವ ಬಗೆ ಹೇಗೆಂದರೆ: ತರಗತಿಯ ಅರ್ಧ ಮಂದಿ ಮಕ್ಕಳು ನಾಲ್ಕು ಎಣಿಕೆಗೊಮ್ಮೆಯೂ ಉಳಿದ ಅರ್ಧ ಮಂದಿ ಆರು ಎಣಿಕೆಗೊಮ್ಮೆಯೂ ಚಪ್ಪಾಳೆ ತಟ್ಟಲಿ. ಮೊದಲ ಎಣಿಕೆಯಲ್ಲಿ ಎರಡು ಗುಂಪುಗಳೂ ಕೂಡಿ ತಟ್ಟಿದರೆ ಮತ್ತೆ ಅವು ಕೂಡುವುದೆಂದು? ನಾಲ್ಕಾರಲೆ ಇಪ್ಪತ್ತನಾಲ್ಕು ಎಂದು ಬಾಯಿಪಾಠದ ಹುಡುಗನು ಹೇಳುವನು. ಕಿವಿಯಾದರೋ ಹನ್ನೆರಡು ಎಣಿಕೆ ಮುಗಿದೊಡನೆಯೇ ಕೂಡಿತೆಂದು ಸಾಕ್ಷಿ ನುಡಿಯುವುದು. ಮೂರು ಮತ್ತು ನಾಲ್ಕಾದರೆ ಗುಣಿಸಿ ಬಂದ ಹನ್ನೆರಡಕ್ಕೇ ಕೂಡುವುವು. ನಾಲ್ಕು ಮತ್ತು ಆರಾದರೆ ಗುಣಲಬ್ಧದ ಅರ್ಧಕ್ಕೇ ಕೂಡುವುವು. ಏಕೆ ಹೀಗೆ? ನಾಲ್ಕಕ್ಕೂ ಆರಕ್ಕೂ ಎರಡೆಂಬ ಸಾಮಾನ್ಯ ಅಪವರ್ತನವಿರುವುದರಿಂದ. ‘ಲಘುತಮ ಸಾಮಾನ್ಯ ಅಪವರ್ತ್ಯ’ವೆಂಬ, ಉಚ್ಚರಿಸುವಾಗಲೇ ಮಗುವನ್ನು ಬೆದರಿಸುವ ಪದದ ಅರ್ಥವು ಇಷ್ಟೇ. ಎಂಟು ಅಕ್ಷರದ ಆದಿತಾಳದಲ್ಲಿ ಮೂರು ಅಕ್ಷರದ ಸೊಲ್ಲನ್ನು ನುಡಿಸುತ್ತ ಹೋದವನು ಇಪ್ಪತ್ತನಾಲ್ಕು ಅಕ್ಷರಕ್ಕೆ, ಎಂದರೆ ಮೂರು ಆವರ್ತಕ್ಕೆ, ಸಮಕ್ಕೆ ಬಂದು ಸೇರುವನು. ಇದನ್ನು ಕೈಯಲ್ಲಿ ಮಾಡಿ ತಿಳಿದ ಮೇಲೆ ಕರಿಹಲಗೆಯ ಮೇಲೆ ಬರೆದರೆ ಆ ಬರಹವು ಮಗುವಿಗೆ ತನ್ನದೇ ಅನುಭವದ ದಾಖಲೆಯಾಗುವುದು.

ವಿಜ್ಞಾನವೂ ಆ ತಾಳದಲ್ಲಿಯೇ ಇದೆ. ತಾಮ್ರಕ್ಕೆ ತವರ ಬೆರೆತರೆ ಕಂಚು. ಆ ಬೆರಕೆಯು ಬರಿಯ ತಾಮ್ರಕ್ಕಿಂತ ಗಡಸು, ನಾದವೂ ಹೆಚ್ಚು. ನುಡಿಯುತ್ತಿರುವ ತಾಳದ ಅಂಚಿಗೆ ಬೆರಳು ಮುಟ್ಟಿಸಿದರೆ ನಡುಕವು ತಿಳಿಯುವುದು. ಒತ್ತಿ ಹಿಡಿದರೆ ನಡುಕವೂ ನಾದವೂ ಒಟ್ಟಿಗೆ ನಿಲ್ಲುವುವು. ಶಬ್ದವೆಂದರೆ ಕಂಪನವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಕರಣವನ್ನು ಯಾವ ಪ್ರಯೋಗಶಾಲೆಯೂ ಕೊಡಲಾರದು. ದಾರದ ತುದಿಯಲ್ಲಿ ಸುತ್ತುವ ತಾಳವು ಕೈಯನ್ನು ಹೊರಕ್ಕೆ ಸೆಳೆದಂತೆ ತೋರುವುದೇಕೆ, ದಾರವನ್ನು ಬಿಟ್ಟರೆ ಅದು ಯಾವ ದಿಕ್ಕಿಗೆ ಹಾರುವುದು ಎಂಬ ಪ್ರಶ್ನೆಗಳಿಂದ ಚಲನಶಾಸ್ತ್ರದ ಒಂದು ಅಧ್ಯಾಯವೇ ಆರಂಭವಾಗುವುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುತ್ತದೆ. ಅಷ್ಟು ದೂರದಲ್ಲಿ ಒಬ್ಬ ಕಲಾವಿದನು ನಿಂತು ತಾಳ ಹಾಕಿದರೆ ಮಕ್ಕಳು ಪೆಟ್ಟನ್ನು ಮೊದಲು ಕಂಡು, ಒಂದು ಸೆಕೆಂಡಿನ ಮೇಲೆ ನಾದವನ್ನು ಕೇಳುವರು. ಸುಮಾರು ೧೭೦ ಮೀಟರ್ ದೂರದ ಬಂಡೆಯ ಗೋಡೆಯಾದರೆ ಅಷ್ಟೇ ಹೊತ್ತಿನಲ್ಲಿ ಮರುದನಿಯನ್ನು ಹಿಂದಿರುಗಿಸುವುದು. ಎಪ್ಪತ್ತೇಳು ಮಲೆಯ ನಾಡಿನಲ್ಲಿ ಬಂಡೆಗೆ ಬರವುಂಟೆ?

ಕಲೆಯಿಂದ ವಿಜ್ಞಾನಕ್ಕೆ ಹೋಗುವ ಈ ಹಾದಿಯನ್ನು ಮಕ್ಕಳಾಟವೆಂದು ತಿಳಿಯುವವರು ಸರ್ ಸಿ. ವಿ. ರಾಮನ್ನರನ್ನು ನೆನೆಯಬೇಕು. ಬೆಳಕಿನ ವಿಷಯವಾಗಿ ನೊಬೆಲ್ ಬಹುಮಾನವನ್ನು ಪಡೆದ ಆ ಮಹನೀಯರು ಅದಕ್ಕೆ ಹತ್ತು ವರ್ಷ ಮೊದಲು, ೧೯೨೦ರಲ್ಲಿ, ನಮ್ಮ ಚರ್ಮವಾದ್ಯಗಳ ಧ್ವನಿಯನ್ನು ಕುರಿತು ಲೇಖನವನ್ನು ಪ್ರಕಟಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಮತ್ತೆ ಅದೇ ವಿಷಯವನ್ನು ವಿಸ್ತರಿಸಿದರು. ಸಾಮಾನ್ಯವಾದ ಚರ್ಮದ ಹೊದಿಕೆಯಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ಮೃದಂಗದ ಬಲಮುಖದ ನಡುವೆ ಹಚ್ಚಿದ ಕಪ್ಪು ಕರಣೆಯ ಭಾರದಿಂದ ಆ ಉಪಸ್ವರಗಳು ೧, ೨, ೩ ಎಂಬ ಪೂರ್ಣಾಂಕಗಳ ಪ್ರಮಾಣಕ್ಕೆ ಬಂದು ಸುಸ್ವರವಾಗುತ್ತವೆ ಎಂಬುದನ್ನು ಅವರು ತೋರಿಸಿದರು. ಹೆಸರು ತಿಳಿಯದ ಯಾವನೋ ಕುಶಲಿಯು ಕಿವಿಯಿಂದ ಕಂಡುಹಿಡಿದುದನ್ನು ಶಾಸ್ತ್ರಜ್ಞನು ಅಂಕಿಗಳಿಂದ ಸ್ಥಾಪಿಸಿದನು. ಇಬ್ಬರೂ ಒಂದೇ ಸತ್ಯದ ಉಪಾಸಕರು.

ಕನ್ನಡಿಗರಿಗಂತೂ ಈ ಮಾತು ಹೊಸದಲ್ಲ. ನೃಪತುಂಗನ ಕಾಲದಲ್ಲಿ, ಕ್ರಿಸ್ತಶಕ ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹವನ್ನು ಶ್ಲೋಕಗಳಲ್ಲಿ ರಚಿಸಿದನು. ೧೧೫೦ರಲ್ಲಿ ಮುಗಿದ ಭಾಸ್ಕರಾಚಾರ್ಯನ ಲೀಲಾವತಿಯೂ ಪದ್ಯಗ್ರಂಥವೇ. ೧೨ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಕವಿತೆಗೂ ಗಣಿತಕ್ಕೂ ನಡುವೆ ಗೋಡೆಯನ್ನು ಕಟ್ಟಿದುದು ಈಚಿನವರ ಸಾಹಸ. ಆ ಗೋಡೆ ಎಷ್ಟು ದಪ್ಪವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ನಮ್ಮ ಪ್ರೌಢಶಾಲೆಯ ಬಾಲಕನು ಕನ್ನಡದ ಗಂಟೆಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಪ್ರಸ್ತಾರ ಹಾಕುವುದನ್ನು ಕಲಿಯುತ್ತಾನೆ. ಮೂರು ಮಾತ್ರೆಯ ಗಣವನ್ನು ೩ ವಿಧವಾಗಿಯೂ, ನಾಲ್ಕು ಮಾತ್ರೆಯದನ್ನು ೫ ವಿಧವಾಗಿಯೂ, ಐದು ಮಾತ್ರೆಯದನ್ನು ೮ ವಿಧವಾಗಿಯೂ ಬರೆಯಬಹುದು. ಐದು ಮಾತ್ರೆಗೆ ಎಂಟೇ ಏಕೆ? ಕೊನೆಯದು ಲಘುವಾದರೆ ಹಿಂದೆ ನಾಲ್ಕು ಮಾತ್ರೆ ಉಳಿಯುವುದು, ಅದಕ್ಕೆ ೫ ವಿಧ. ಕೊನೆಯದು ಗುರುವಾದರೆ ಮೂರು ಮಾತ್ರೆ ಉಳಿಯುವುದು, ಅದಕ್ಕೆ ೩ ವಿಧ. ಎರಡೂ ಸೇರಿ ೮. ಹೀಗೆ ಹಿಂದಿನ ಎರಡನ್ನು ಕೂಡುತ್ತ ಹೋಗುವ ೧, ೨, ೩, ೫, ೮, ೧೩ ಎಂಬ ಸಾಲನ್ನು ನಮ್ಮ ಛಂದಶ್ಶಾಸ್ತ್ರದ ವಿರಹಾಂಕ, ಹೇಮಚಂದ್ರರು ಬಲ್ಲವರಾಗಿದ್ದರು. ೧೨೦೨ರಲ್ಲಿ ಇಟಲಿಯ ಫಿಬೊನಾಚಿಯು ಬರೆದುದರಿಂದ ಲೋಕವು ಅದಕ್ಕೆ ಅವನ ಹೆಸರನ್ನಿಟ್ಟಿತು. ಅದೇ ಬಾಲಕನು ಗಣಿತದ ಗಂಟೆಯಲ್ಲಿ ಶ್ರೇಢಿಗಳನ್ನು ಕಲಿಯುವಾಗ, ಹಿಂದಿನ ಗಂಟೆಯಲ್ಲಿ ತಾನು ಬರೆದುದೂ ಒಂದು ಶ್ರೇಢಿಯೇ ಎಂದು ಅವನಿಗೆ ಹೇಳುವವರಿಲ್ಲ. ಎರಡು ಗಂಟೆಗಳ ನಡುವೆ ಬಾರಿಸುವ ಗಂಟೆಯು ಎರಡು ಲೋಕಗಳ ನಡುವಣ ಬಾಗಿಲನ್ನು ಮುಚ್ಚಿಬಿಡುತ್ತದೆ.

ಹೆಣ್ಣುಮಕ್ಕಳ ಕೈಯಲ್ಲಿರುವ ವಿದ್ಯೆಯನ್ನು ನೋಡಿ. ಬೆಳಗಾಗೆದ್ದು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಬಾಲಿಕೆಯು ೧, ೨, ೩ ಎಂದು ಏಳರವರೆಗೆ ಏರಿಸಿ ಮತ್ತೆ ಒಂದರವರೆಗೆ ಇಳಿಸುತ್ತಾಳೆ. ಒಟ್ಟು ಚುಕ್ಕಿಗಳೆಷ್ಟು? ಕೂಡಿಸುವ ಶ್ರಮವೇ ಬೇಡ. ಆ ರಂಗೋಲಿಯನ್ನು ಓರೆಯಾಗಿ ನಿಂತು ನೋಡಿದರೆ ಏಳು ಸಾಲು, ಸಾಲಿಗೆ ಏಳು ಚುಕ್ಕಿಯ ಚೌಕವು ಕಾಣುವುದು; ಆದುದರಿಂದ ೪೯. ಹತ್ತರವರೆಗೆ ಏರಿಸಿದರೆ ೧೦೦. ಒಂದು ಸೂತ್ರವನ್ನು ಹೀಗೆ ಕಣ್ಣಿನಿಂದಲೇ ಸಾಧಿಸಿದ ಹುಡುಗಿಯು ಅದನ್ನು ಜನ್ಮದಲ್ಲಿ ಮರೆಯಳು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿಯವರು ೧೯೭೦ರ ದಶಕದಲ್ಲಿ ಇಂತಹ ಚುಕ್ಕಿರಂಗೋಲಿಗಳನ್ನೇ ಆಧರಿಸಿ ಗಣಕಶಾಸ್ತ್ರದಲ್ಲಿ ಚಿತ್ರಗಳ ವ್ಯಾಕರಣವೆಂಬ ವಿಷಯವನ್ನು ಬೆಳೆಸಿದರು. ಅಂಗಳದ ವಿದ್ಯೆಯು ಕಾಲೇಜಿನ ಮೇಜನ್ನು ಏರಿತು. ಅಂಗಳದ ಪಕ್ಕದ ಶಾಲೆಯ ಮೆಟ್ಟಿಲನ್ನು ಮಾತ್ರ ಇನ್ನೂ ಏರಿಲ್ಲ.

ಕೊಳ್ಳೇಗಾಲದ ರೇಷ್ಮೆಯ ಸೀರೆಯನ್ನು ಕುರಿತು ಹೇಳಬೇಕಾದುದಿಲ್ಲ. ಉದಾಹರಣೆಗಾಗಿ, ಒಂದು ಬುಟ್ಟಕ್ಕೆ ೨೪ ಎಳೆ, ನಡುವಣ ಬಯಲಿಗೆ ೩೬ ಎಳೆ ಎಂದಿಟ್ಟುಕೊಂಡರೆ ೧,೫೦೦ ಎಳೆಯ ಹಾಸಿನಲ್ಲಿ ಎಷ್ಟು ಬುಟ್ಟಗಳು ಕೂಡುವುವು? ನೇಕಾರನ ಮನೆಯ ಹುಡುಗನು ೨೫ ಎಂದು ಥಟ್ಟನೆ ಹೇಳುವ ಈ ಲೆಕ್ಕವೇ ಪುಸ್ತಕದಲ್ಲಿ ಅಪರಿಚಿತವಾದ ವೇಷದಲ್ಲಿ ಬಂದಾಗ ಅವನು ಬೆವರುತ್ತಾನೆ. ಮಗ್ಗದ ಮೇಲಣ ಜಕಾರ್ಡ್ ಯಂತ್ರದ ರಟ್ಟಿನ ಹಾಳೆಗಳಲ್ಲಿ ತೂತಿದ್ದರೆ ಎಳೆ ಏಳುವುದು, ಇಲ್ಲದಿದ್ದರೆ ಏಳದು. ಉಂಟು, ಇಲ್ಲ ಎಂಬ ಈ ಎರಡೇ ಅಕ್ಷರಗಳಿಂದ ಹೂವು ಬಳ್ಳಿಗಳೆಲ್ಲ ಮೂಡುತ್ತವೆ. ಫ್ರಾನ್ಸಿನ ಜಕಾರ್ಡನು ೧೮೦೪ರಲ್ಲಿ ರೂಪಿಸಿದ ಈ ಹಾಳೆಗಳನ್ನು ಕಂಡೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣನಯಂತ್ರಕ್ಕೆ ರಟ್ಟಿನ ಹಾಳೆಗಳ ಏರ್ಪಾಡನ್ನು ಯೋಚಿಸಿದನು. ಇಂದಿನ ಗಣಕಯಂತ್ರದ ಪೂರ್ವಜರಲ್ಲಿ ಮಗ್ಗವೂ ಒಂದು. ಮಗ್ಗದ ಮನೆಯಿಂದ ಬಂದ ಮಗುವಿಗೆ ಈ ವಂಶವೃತ್ತಾಂತವನ್ನು ಹೇಳದೆ ಗಣಕದ ಪಾಠವನ್ನು ಮಾಡುವುದು, ಮನೆಯ ಮಗನನ್ನು ಅತಿಥಿಯಂತೆ ಹೊರಗೆ ಕೂರಿಸಿದಂತಾಗುವುದು.

ಇನ್ನು ಕಾಡಿನ ಮಕ್ಕಳು. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ಜೇನಿನ ಬಗೆಗಳನ್ನು ಅವುಗಳ ಗೂಡು, ಹೂವು, ಋತುಗಳೊಡನೆ ಬಲ್ಲ ಸೋಲಿಗರ ಬಾಲಕನಿಗೆ ಜೀವಶಾಸ್ತ್ರವು ಕಠಿಣವಾಗಿ ತೋರಿದರೆ ತಪ್ಪು ಬಾಲಕನದಲ್ಲ. ಅವನು ಜೇನುಹಲ್ಲೆಯ ಚಿತ್ರವನ್ನು ಬರೆಯಲಿ. ಮೂರು ಷಟ್ಕೋನಗಳು ಒಂದು ಬಿಂದುವಿನಲ್ಲಿ ಕೂಡಿದಾಗ ೧೨೦ರ ಮೂರು ಕೋನಗಳು ೩೬೦ ಆಗಿ ಎಡೆಯೇ ಉಳಿಯುವುದಿಲ್ಲ. ಪಂಚಕೋನಗಳನ್ನಿಟ್ಟರೆ ೧೦೮ರ ಮೂರು ಕೋನಗಳು ೩೨೪ ಆಗಿ ೩೬ ಅಂಶದ ಬಿರುಕು ಉಳಿಯುವುದು. ತ್ರಿಕೋನವೂ ಚೌಕವೂ ಬಿರುಕಿಲ್ಲದೆ ಹೊಂದುವುವು. ಆದರೆ ಅಷ್ಟೇ ವಿಸ್ತಾರಕ್ಕೆ ಹೆಚ್ಚು ಗೋಡೆಯನ್ನು, ಎಂದರೆ ಹೆಚ್ಚು ಮೇಣವನ್ನು, ಕೇಳುವುವು. ಯಾವ ಆಕಾರದಿಂದ ವಿಭಾಗಿಸಿದರೂ ಷಟ್ಕೋನಕ್ಕಿಂತ ಕಡಮೆ ಗೋಡೆ ಸಾಧ್ಯವಿಲ್ಲವೆಂಬುದನ್ನು ಥಾಮಸ್ ಹೇಲ್ಸ್ ಎಂಬ ಅಮೆರಿಕದ ಗಣಿತಜ್ಞರು ಪೂರ್ಣವಾಗಿ ಸಾಧಿಸಿದುದು ೧೯೯೯ರಲ್ಲಿ. ಇನ್ನೊಂದು ನಿದರ್ಶನ: ಅಲಂಕಾರದ ಗಿಡವಾಗಿ ಪರದೇಶದಿಂದ ಬಂದ ಲಂಟಾನವು ನಮ್ಮ ಕಾಡುಗಳನ್ನು ನುಂಗುತ್ತಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯವರ ತರಬೇತಿಯಿಂದ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಹೆಣೆಯುವುದನ್ನು ಕಲಿತಿರುವರು. ಕಳೆಯು ಹೇಗೆ ಹರಡುವುದೆಂಬ ವಿಜ್ಞಾನ, ಕಡ್ಡಿ ಒಣಗಿದಾಗ ತೂಕ ಶೇಕಡ ಎಷ್ಟು ಇಳಿಯುವುದೆಂಬ ಗಣಿತ, ಹೆಣೆಯುವ ಕಲೆ, ಈ ಮೂರೂ ಒಂದೇ ಕಟ್ಟಿನಲ್ಲಿವೆ.

ಈ ತತ್ತ್ವವನ್ನು ನಮ್ಮ ದೇಶದಲ್ಲಿ ದೊಡ್ಡ ದನಿಯಲ್ಲಿ ಸಾರಿದವರು ಮಹಾತ್ಮಾ ಗಾಂಧಿಯವರು. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಕೂಡಿದ ಸಮ್ಮೇಳನದಲ್ಲಿಯೂ ಅದರ ತರುವಾಯ ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯ ವರದಿಯಲ್ಲಿಯೂ, ಕೈಕಸಬನ್ನು ನಡುವಿಟ್ಟು ಅದರ ಸುತ್ತ ಗಣಿತ ವಿಜ್ಞಾನಾದಿಗಳನ್ನು ಕಲಿಸಬೇಕೆಂಬ ಯೋಜನೆಯು ರೂಪುಗೊಂಡಿತು. ಅದು ಬಹುಕಡೆ ಸೊರಗಿತೆಂಬುದನ್ನು ಮರೆಮಾಚುವುದರಿಂದ ಫಲವಿಲ್ಲ. ಕಸಬು ಉಳಿದು ಪಾಠ ಮರೆಯಾದ ಕಡೆಗಳಲ್ಲಿ ಮಕ್ಕಳು ನೂಲನ್ನು ನೂತರೇ ಹೊರತು ನೂಲಿನ ಲೆಕ್ಕವನ್ನು ಮಾಡಲಿಲ್ಲ. ಬಡವರ ಮಕ್ಕಳಿಗೆ ಕಸಬು, ಉಳ್ಳವರ ಮಕ್ಕಳಿಗೆ ಪುಸ್ತಕ ಎಂಬ ಅನುಮಾನವೂ ಜನರಲ್ಲಿ ಮೂಡಿತು. ಆ ಅನುಮಾನಕ್ಕೆ ಮತ್ತೆ ಎಡೆಗೊಡಬಾರದು. ಸಮೀಪದ ಮತ್ತೊಂದು ಅನುಭವವು ಆಶಾದಾಯಕವಾಗಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಅದೂ ಕಾಡಂಚಿನ ತಾಲ್ಲೂಕೇ, ಸರ್ಕಾರಿ ಶಾಲೆಯ ಉಪಾಧ್ಯಾಯರು ಋಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು ಹಾಡು, ಆಟ, ಚಿತ್ರಗಳಿಂದ ಕಲಿಸುವ ‘ನಲಿ-ಕಲಿ’ಯನ್ನು ಆರಂಭಿಸಿದರು. ೨೦೦೯-೧೦ರ ವೇಳೆಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವ್ಯಾಪಿಸಿತು. ಹಾಡಿನ ಆ ಬಾಗಿಲು ಮೂರನೆಯ ತರಗತಿಗೇ ಮುಚ್ಚಿಕೊಳ್ಳುತ್ತದೆ. ಗಣಿತವು ಕಠಿಣವಾಗತೊಡಗುವ ಹೊತ್ತಿಗೆ ಸರಿಯಾಗಿ ಕಲೆಯು ಮಗುವಿನ ಕೈ ಬಿಡುತ್ತದೆ. ಆಮೇಲೆ ಅದರ ಮುಖವನ್ನು ಕಾಣುವುದು ವರ್ಷಕ್ಕೊಮ್ಮೆ, ಪ್ರತಿಭಾ ಕಾರಂಜಿಯ ವೇದಿಕೆಯ ಮೇಲೆ.

ಈ ಸಲಹೆಗೆ ಬರತಕ್ಕ ಆಕ್ಷೇಪಣೆಗಳನ್ನು ನಾವು ಬಲ್ಲೆವು. ‘ಬಡವರ ಮಕ್ಕಳು ಕುಣಿದು ಹಾಡಿ ಕಾಲ ಕಳೆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂದು?’ ಎಂದು ಕೆಲವರು ಕೇಳುವರು. ಇದು ನ್ಯಾಯವಾದ ಪ್ರಶ್ನೆ. ಕಲೆಯ ನೆಪದಲ್ಲಿ ಲೆಕ್ಕವನ್ನು ಕಡಮೆ ಮಾಡುವುದಾದರೆ ನಾವೇ ಮೊದಲು ವಿರೋಧಿಸುವೆವು. ಚಪ್ಪಾಳೆ ತಟ್ಟಿದ ಮಗು ಕೊನೆಗೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಾಗದದ ಮೇಲೆ ತಪ್ಪಿಲ್ಲದೆ ಕಂಡುಹಿಡಿಯತಕ್ಕದ್ದು. ಹಾಗಾಗದಿದ್ದರೆ ಆ ಪಾಠವು ಸೋತಿತೆಂದೇ ತಿಳಿಯತಕ್ಕದ್ದು. ಬಣ್ಣದ ಕಾಗದವನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕುವುದನ್ನೇ ಕಲಾಸಂಯೋಜನೆಯೆಂದು ವರದಿ ಬರೆಯುವ ಪದ್ಧತಿಯಿಂದ ಗಣಿತಕ್ಕೂ ಲಾಭವಿಲ್ಲ, ಕಲೆಗೂ ಗೌರವವಿಲ್ಲ. ‘ಕಲೆಯನ್ನು ಗಣಿತದ ಆಳಾಗಿ ಮಾಡಬಾರದು’ ಎಂದು ರಸಿಕರು ಹೇಳುವರು. ಅದನ್ನೂ ಒಪ್ಪುತ್ತೇವೆ. ಕಂಸಾಳೆಯು ಭಕ್ತಿಯ ವ್ರತಕ್ಕೆ ಸೇರಿದುದು. ದೀಕ್ಷೆ ಪಡೆದವರು ಕಾಪಾಡಿಕೊಂಡು ಬಂದಿರುವ ಕಾವ್ಯಕ್ಕೂ ಪೂಜೆಗೂ ಶಾಲೆಯು ಕೈಯಿಕ್ಕಬೇಕಾದುದಿಲ್ಲ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂಬುದನ್ನು ಆ ಕಲಾವಿದರೇ ನಿರ್ಣಯಿಸಲಿ.

ಆದುದರಿಂದ ವಿದ್ಯಾ ಇಲಾಖೆಯವರ ಮುಂದೆ ನಾವು ಇಡುವ ಸೂಚನೆಗಳು ದೊಡ್ಡ ವೆಚ್ಚದವಲ್ಲ. ಮೊದಲನೆಯದಾಗಿ, ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳಲ್ಲಿ ಕೆಲವು ಶಾಲೆಗಳನ್ನು ಆರಿಸಿ, ನಾಲ್ಕರಿಂದ ಎಂಟನೆಯ ತರಗತಿಯವರೆಗೆ ಎರಡು ವರ್ಷ ಈ ಪ್ರಯೋಗವನ್ನು ನಡೆಯಿಸಲಿ. ಪಾಲಾರಿನಂತಹ ಕೊನೆಯ ಊರಿನಿಂದಲೇ ಆರಂಭವಾಗಲಿ. ಎರಡನೆಯದಾಗಿ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು ಗಣಿತ ವಿಜ್ಞಾನಗಳ ಉಪಾಧ್ಯಾಯರನ್ನೂ ಸ್ಥಳೀಯ ಕಲಾವಿದರನ್ನೂ ನೇಕಾರರನ್ನೂ ಒಂದೆಡೆ ಕೂರಿಸಿ, ಪಠ್ಯದ ಯಾವ ಅಧ್ಯಾಯಕ್ಕೆ ಯಾವ ಕಲೆ ಹೊಂದುವುದೆಂಬುದನ್ನು ಗೊತ್ತುಮಾಡಿ ಸಣ್ಣದೊಂದು ಕೈಪಿಡಿಯನ್ನು ಅಚ್ಚುಹಾಕಿಸಲಿ. ಹೊಂದದ ಅಧ್ಯಾಯಕ್ಕೆ ಬಲವಂತವಾಗಿ ಹೊಂದಿಸುವುದು ಬೇಡ. ಮೂರನೆಯದಾಗಿ, ಶಾಲೆಗೆ ಬರುವ ಕಲಾವಿದನಿಗೆ ಹಾರ ಶಾಲುಗಳ ಬದಲು ನಿಶ್ಚಿತವಾದ ಸಂಭಾವನೆಯನ್ನು ತಿಂಗಳು ತಿಂಗಳು ಸಲ್ಲಿಸಲಿ. ಅವನು ಉಪಾಧ್ಯಾಯನ ಸಮಾನನಾಗಿ ಕುರ್ಚಿಯ ಮೇಲೆ ಕುಳಿತು ಪಾಠ ಹೇಳಲಿ. ನಾಲ್ಕನೆಯದಾಗಿ, ಪ್ರಯೋಗದ ಮೊದಲೂ ಕೊನೆಯಲ್ಲಿಯೂ ಮಕ್ಕಳನ್ನು ಒಂದೇ ಮಟ್ಟದ ಲೆಕ್ಕಗಳಿಂದ ಪರೀಕ್ಷಿಸಿ, ಬಂದ ಫಲವು ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಮುಚ್ಚದೆ ಪ್ರಕಟಿಸಲಿ. ೨೦೨೩ರಲ್ಲಿ ನಮ್ಮ ರಾಜ್ಯ ಸರ್ಕಾರವು ತನ್ನದೇ ಆದ ಶಿಕ್ಷಣ ನೀತಿಗಾಗಿ ಪ್ರೊಫೆಸರ್ ಸುಖದೇವ ಥೋರಟರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ನೀತಿಯು ದೆಹಲಿಯದಾಗಲಿ ಬೆಂಗಳೂರಿನದಾಗಲಿ, ಮಲೆಯ ಶಾಲೆಯ ಒಂದು ಗಂಟೆಯ ಪಾಠವನ್ನು ಬದಲಾಯಿಸದಿದ್ದರೆ ಅದು ಕಾಗದವಾಗಿಯೇ ಉಳಿಯುವುದು.

ಮೂರನೆಯ ಸೂಚನೆಯ ವಿಷಯವಾಗಿ ಒಂದು ಮಾತನ್ನು ಸೇರಿಸಬೇಕು. ಈ ಸೀಮೆಯ ಕಲೆಗಳನ್ನು ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ಶಾಲೆಯ ಬಾಗಿಲು ಶತಮಾನಗಳ ಕಾಲ ತೆರೆಯದಿದ್ದ ಜನ. ತನ್ನ ತಂದೆಯು ಗಣಿತದ ಗಂಟೆಯಲ್ಲಿ ತಾಳವನ್ನು ಹಿಡಿದು ನಿಂತಿರುವುದನ್ನೂ, ಉಪಾಧ್ಯಾಯರು ಅವನನ್ನು ‘ಗುರುಗಳೇ’ ಎಂದು ಕರೆಯುವುದನ್ನೂ ಕಂಡ ಬಾಲಕನಿಗೆ, ಈ ಕಟ್ಟಡವು ನನ್ನದೂ ಹೌದು ಎಂಬ ಭಾವನೆಯು ಆ ಕ್ಷಣದಲ್ಲಿ ಹುಟ್ಟುವುದು. ‘ನಮ್ಮ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂಬ ಹಳೆಯ ಸುಳ್ಳನ್ನು ಬೇರುಸಹಿತ ಕೀಳುವ ಶಕ್ತಿ ಆ ಭಾವನೆಗಿದೆ.

ಕೊಳ್ಳೇಗಾಲದ ಮಗ್ಗುಲಲ್ಲಿರುವ ಶಿವನಸಮುದ್ರದ ನೀರಿನಿಂದ ೧೯೦೨ರಲ್ಲಿ ವಿದ್ಯುಚ್ಛಕ್ತಿಯನ್ನು ತೆಗೆದು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ತಂತಿಗಳು ಹಾದುಹೋದ ಹಳ್ಳಿಗಳಿಗೆ ದೀಪ ಬರಲು ಬಹ‌ಳ ಕಾಲ ಹಿಡಿಯಿತು. ವಿದ್ಯೆಯ ವಿಷಯದಲ್ಲಿ ಆ ಕಥೆಯು ಪುನರಾವರ್ತನೆಯಾಗದಿರಲಿ. ಈ ಸೀಮೆಯ ಕಲೆಯನ್ನು ವಿದ್ವಾಂಸರು ಸಂಗ್ರಹಿಸಿ ಗ್ರಂಥಗಳನ್ನು ಅಚ್ಚುಹಾಕಿಸಿದರು. ರಾಜಧಾನಿಯ ಉತ್ಸವಗಳು ಅದನ್ನು ಮೆರವಣಿಗೆಯಲ್ಲಿ ಕುಣಿಸಿದುವು. ಅದರ ಬೆಳಕು ಅದು ಹುಟ್ಟಿದ ಊರಿನ ಶಾಲೆಯ ಕೊಠಡಿಗೆ ಇನ್ನಾದರೂ ಬರಲಿ. ಪಾಲಾರ್ ಎಂದರೆ ನೆಲಬಾಂಬಿನ ಊರೆಂದು ನೆನೆಯುವ ನಮ್ಮ ಜನರು, ಮುಂದೊಂದು ದಿನ, ಪಾಲಾರ್ ಎಂದರೆ ಮಕ್ಕಳು ಚೆನ್ನಾಗಿ ಲೆಕ್ಕ ಮಾಡುವ ಊರೆಂದು ಹೇಳುವಂತಾಗಲಿ. ಅಧಿಕಾರಿಗಳು ಈ ವಿಷಯಕ್ಕೆ ಮುಂದಿನ ಶಾಲಾವರ್ಷದ ಆರಂಭಕ್ಕೆ ಮೊದಲೇ ಗಮನ ಕೊಡುವರೆಂದು ನಂಬುತ್ತೇವೆ.